ಜಿಲ್ಲೆಯಲ್ಲಿ 12.5, ಕಂಠೀರವದಲ್ಲಿ 13.21: ಮಗಳ ಓಟ ಮುಗಿಯಿತಾ?

ಓದುಗರ ಪ್ರಶ್ನೆ: "ಸರ್, ನಾವು ಹಾವೇರಿ ಜಿಲ್ಲೆಯವರು. ಯಜಮಾನರು ಬಸ್ ಕಂಡಕ್ಟರ್, ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಮಗಳಿಗೆ 16 ವರ್ಷ, ಫಸ್ಟ್ ಪಿಯು ಸೈನ್ಸ್. ಒಂಬತ್ತನೇ ಕ್ಲಾಸಿನಲ್ಲಿ ಜಿಲ್ಲಾ ಕ್ರೀಡಾಕೂಟದಲ್ಲಿ 100 ಮೀಟರ್ ಅನ್ನು 12.5 ಸೆಕೆಂಡಿಗೆ ಓಡಿ ಫಸ್ಟ್ ಬಂದಳು. ಇವಳು ಇಂಡಿಯಾಕ್ಕೆ ಓಡುತ್ತಾಳೆ ಅಂತ ಎಲ್ಲರೂ ಅಂದರು. ಈ ವರ್ಷ ಬೆಂಗಳೂರಿನ ಕಂಠೀರವದಲ್ಲಿ ಎಲೆಕ್ಟ್ರಾನಿಕ್ ಟೈಮಿಂಗ್‌ನಲ್ಲಿ 13.21 ಬಂತು. ಆವತ್ತಿನಿಂದ ಮಂಕಾಗಿದ್ದಾಳೆ. ನಾಲ್ಕು ತಿಂಗಳಿಂದ ತೊಡೆಯ ಹಿಂಭಾಗ ಆಗಾಗ ಹಿಡಿಯುತ್ತದೆ. ಐದು ತಿಂಗಳಿಂದ ಮುಟ್ಟಾಗಿಲ್ಲ, ಓಡುವ ಹುಡುಗಿಯರಿಗೆ ಅದು ಮಾಮೂಲಿ ಅಂತಾರೆ ಕೋಚ್. ಬೆಳಿಗ್ಗೆ ಐದಕ್ಕೆ ಎದ್ದು ಒಂದು ಲೋಟ ಚಹಾ ಕುಡಿದು ಗ್ರೌಂಡಿಗೆ ಹೋಗುತ್ತಾಳೆ, ಅಲ್ಲಿಂದಲೇ ಕಾಲೇಜು, ಸಂಜೆ ಮತ್ತೆ ಪ್ರಾಕ್ಟೀಸು. ಒಬ್ಬರು ಪೌಡರ್ ಮತ್ತು ರಿಕವರಿ ಡ್ರಿಪ್ ಹಾಕಿಸಿ ಅನ್ನುತ್ತಾರೆ. ಇನ್ನೊಬ್ಬರು ವಯಸ್ಸು ಎರಡು ವರ್ಷ ಕಮ್ಮಿ ತೋರಿಸುವ ಸರ್ಟಿಫಿಕೇಟ್ ಮಾಡಿಸೋಣ ಅನ್ನುತ್ತಾರೆ. ನಮ್ಮವರಿಗೆ ಆ ಜೀನ್ಸೇ ಇಲ್ಲ, ಸುಮ್ನೆ ಸಿಇಟಿ ಕೋಚಿಂಗಿಗೆ ಹಾಕಿ ಅಂತ ನೆಂಟರು. ಇಂಟರ್‌ನ್ಯಾಷನಲ್ ಓಟಗಾರ್ತಿ ಆಗುವ ಯೋಗ ಇವಳಿಗೆ ಇದೆಯಾ, ಇಲ್ಲವಾ? ನೇರವಾಗಿ ಹೇಳಿ."

ನಮಸ್ಕಾರ ಅಕ್ಕ. ನೇರವಾಗಿಯೇ ಹೇಳುತ್ತೇನೆ. ಯೋಗ ಇದೆಯಾ ಇಲ್ಲವಾ ಅಂತ ಈ ಎರಡು ಟೈಮ್ ನೋಡಿ ಯಾರೂ ಹೇಳಲಾರರು. ಹೇಳುತ್ತೇನೆ ಅನ್ನುವ ಕೋಚ್ ಸಿಕ್ಕರೆ ದೂರ ಇರಿ. ಆದರೆ ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು 13.21 ಅಲ್ಲವೇ ಅಲ್ಲ. ಮುಟ್ಟು ನಿಂತಿರುವುದು, ನಾಲ್ಕು ತಿಂಗಳ ತೊಡೆ ನೋವು, ಆ ಡ್ರಿಪ್ಪು. ಸ್ಪ್ರಿಂಟರ್‌ಗಳಿಗೆ ತರಬೇತಿ ಕೊಡುವುದೇ ನನ್ನ ಕೆಲಸ. ನಾನು ಕಂಡ ಒಳ್ಳೆಯ ಹುಡುಗ ಹುಡುಗಿಯರಲ್ಲಿ ಜಾಸ್ತಿ ಜನ ಓಟ ಬಿಟ್ಟಿದ್ದು ವೇಗ ಸಾಲದೆ ಅಲ್ಲ. ಹದಿನೇಳು ಹದಿನೆಂಟರೊಳಗೆ ಮೈ ಮುರಿದುಕೊಂಡು ಬಿಟ್ಟವರು ಅವರು.

ಮೊದಲು ಆ ಟೈಮಿನ ಲೆಕ್ಕ ಮುಗಿಸೋಣ, ಏಕೆಂದರೆ ಮಗಳು ಮಂಕಾಗಿರುವುದು ಅದಕ್ಕೆ.

ಸ್ಟಾಪ್‌ವಾಚ್ ಹಿಡಿದ ಮೇಷ್ಟ್ರು ಗುರಿಗೆರೆ ಹತ್ತಿರ ನಿಂತಿರುತ್ತಾರೆ. ಗನ್ ಸಿಡಿದಾಗ ಹೊಗೆ ನೋಡಿ ಬಟನ್ ಒತ್ತಬೇಕು. ಕ್ಲ್ಯಾಪರ್ ಆದರೆ ಹಲಗೆ ಮುಚ್ಚಿಕೊಳ್ಳುವುದನ್ನು ನೋಡಿ ಒತ್ತಬೇಕು. ಹೊಗೆ ಕಂಡು ಬೆರಳು ಒತ್ತುವಷ್ಟರಲ್ಲಿ ಒಂದಿಷ್ಟು ಸಮಯ ಹೋಗುತ್ತದೆ. ಕೊನೆಯಲ್ಲಿ ಮಾತ್ರ ಓಟಗಾರ್ತಿ ಬರುವುದು ಕಣ್ಣೆದುರೇ ಕಾಣುವುದರಿಂದ ಬೆರಳು ತಡ ಮಾಡುವುದಿಲ್ಲ. ಹಾಗಾಗಿ ಕೈ ಟೈಮು ಯಾವಾಗಲೂ ಸ್ವಲ್ಪ ಕಮ್ಮಿಯೇ ಬರುತ್ತದೆ. 100 ಮೀಟರ್‌ನಲ್ಲಿ ಅದನ್ನು ಎಲೆಕ್ಟ್ರಾನಿಕ್‌ಗೆ ಹೋಲಿಸಲು 0.24 ಸೆಕೆಂಡ್ ಸೇರಿಸುವುದು ರೂಢಿ. ಆಗಲೇ 12.5 ಅನ್ನುವುದು 12.74 ಆಯಿತು. ಇನ್ನು ನಮ್ಮ ಎಷ್ಟೋ ಕೂಟಗಳಲ್ಲಿ ಹೊಗೆ ಯಾರು ನೋಡುತ್ತಾರೆ, ಶಬ್ದ ಕೇಳಿ ಒತ್ತುತ್ತಾರೆ. ಶಬ್ದಕ್ಕೆ 100 ಮೀಟರ್ ದಾಟಲು ಸುಮಾರು 0.3 ಸೆಕೆಂಡ್ ಬೇಕು. ಅಷ್ಟು ಹೊತ್ತು ವಾಚು ಶುರುವೇ ಆಗಿರುವುದಿಲ್ಲ! ಅದನ್ನೂ ಸೇರಿಸಿದರೆ ನಿಮ್ಮ 12.5 ಹೆಚ್ಚುಕಮ್ಮಿ 13.0 ಆಗುತ್ತದೆ. ಹಿಂದಿನಿಂದ ಗಾಳಿ ಬೀಸುತ್ತಿತ್ತೋ ಏನೋ, ಅದನ್ನಂತೂ ಅಳೆದಿರುವುದಿಲ್ಲ. ಸೆಕೆಂಡಿಗೆ 2 ಮೀಟರ್‌ಗಿಂತ ಜಾಸ್ತಿ ಹಿಂಗಾಳಿ ಇದ್ದರೆ ಆ ಟೈಮು ದಾಖಲೆಗೇ ಬರುವುದಿಲ್ಲ.

ಅಂದರೆ ಮಗಳು ಮುಕ್ಕಾಲು ಸೆಕೆಂಡ್ ನಿಧಾನ ಆಗಿಲ್ಲ. ಆಗಿದ್ದರೆ ಒಂದೆರಡು ಹತ್ತಾಂಶ, ಅದೂ ನೋಯುವ ಕಾಲಿನಲ್ಲಿ. ಇದನ್ನು ಅವಳ ಜೊತೆ ಕೂತು ಕಾಗದದ ಮೇಲೆ ಬರೆದು ತೋರಿಸಿ. ಫಸ್ಟ್ ಪಿಯು ಸೈನ್ಸ್ ಹುಡುಗಿ, ಶಬ್ದದ ವೇಗದ ಲೆಕ್ಕ ನಿಮಗಿಂತ ಬೇಗ ಮಾಡುತ್ತಾಳೆ.

ಜೊತೆಗೆ ಒಂದು ಮಾತು. ಹದಿನಾಲ್ಕರಿಂದ ಹದಿನೇಳರ ನಡುವೆ ಹೆಣ್ಣುಮಕ್ಕಳ ಟೈಮು ನಿಲ್ಲುವುದು ತುಂಬಾ ಸಾಮಾನ್ಯ. ಎತ್ತರ, ತೂಕ, ಸೊಂಟದ ಅಗಲ ಎಲ್ಲ ಬದಲಾಗುತ್ತದೆ, ಅದಕ್ಕೆ ತಕ್ಕ ಬಲ ಇನ್ನೂ ಬಂದಿರುವುದಿಲ್ಲ. ಈ ಹೊತ್ತಿನಲ್ಲಿ ಕೆಲವು ಕೋಚ್‌ಗಳು ಊಟ ಕಮ್ಮಿ ಮಾಡು, ಇನ್ನೂ ಹತ್ತು ರೌಂಡ್ ಓಡು ಅನ್ನುತ್ತಾರೆ. ಹಾಳಾಗುವುದು ಅಲ್ಲೇ.

ಹಾಗಂತ ಸುಳ್ಳು ಆಸೆ ಕೊಡುವುದಿಲ್ಲ. ನಮ್ಮ ದೇಶದ ಓಟಗಾರ್ತಿ ದ್ಯುತಿ ಚಂದ್ 2021ರಲ್ಲಿ ಪಟಿಯಾಲದಲ್ಲಿ 100 ಮೀಟರ್ ಅನ್ನು 11.17ಕ್ಕೆ ಓಡಿ ರಾಷ್ಟ್ರೀಯ ದಾಖಲೆ ಮಾಡಿದರು. ಟೋಕಿಯೋ ಒಲಿಂಪಿಕ್ಸ್‌ಗೆ ನೇರ ಪ್ರವೇಶಕ್ಕೆ ಬೇಕಿದ್ದದ್ದು 11.15. ಎರಡು ನೂರಾಂಶದಲ್ಲಿ ತಪ್ಪಿ, ಕೊನೆಗೆ ರ‍್ಯಾಂಕಿಂಗ್ ಮೇಲೆ ಹೋದರು. ಪ್ಯಾರಿಸ್ ಹೊತ್ತಿಗೆ ಆ ಗುರಿ 11.07 ಆಯಿತು. ದ್ಯುತಿ ಅವರ ಆ ಓಟದ ಪಕ್ಕದಲ್ಲಿ ನಿಮ್ಮ ಮಗಳು 13.0 ಓಡಿದರೆ, ಅವರು ಗೆರೆ ಮುಟ್ಟುವಾಗ ಇವಳಿಗೆ ಇನ್ನೂ ಹದಿನೈದು ಮೀಟರ್ ಹತ್ತಿರ ಬಾಕಿ ಇರುತ್ತದೆ. ದೊಡ್ಡ ಅಂತರ. ಅದು ಒಂದು ವರ್ಷದಲ್ಲಿ ತುಂಬುವುದಿಲ್ಲ, ಆರೇಳು ವರ್ಷದ ಕೆಲಸ. ಅದಕ್ಕೇ ನಾನು ಮತ್ತೆ ಮತ್ತೆ ಹೇಳುವುದು, ಈ ವರ್ಷದ ಟೈಮ್ ಉಳಿಸಲು ಹೋಗಿ ಆ ಆರೇಳು ವರ್ಷ ಕಳೆದುಕೊಳ್ಳಬೇಡಿ.

"ನಮ್ಮವರಿಗೆ ಜೀನ್ಸ್ ಇಲ್ಲ" ಅನ್ನುವವರಿಗೆ ಚೀನಾದ ಸು ಬಿಂಗ್‌ಟಿಯಾನ್ ಹೆಸರು ಹೇಳಿ. ಟೋಕಿಯೋ ಸೆಮಿಫೈನಲ್‌ನಲ್ಲಿ 9.83 ಓಡಿ ಏಷ್ಯಾ ದಾಖಲೆ ಮಾಡಿದಾಗ ಅವರಿಗೆ 31 ವರ್ಷ. ಹತ್ತು ಸೆಕೆಂಡ್ ಒಳಗೆ ಮೊದಲ ಸಲ ಬಂದದ್ದೇ 2015ರಲ್ಲಿ, ಅದೂ ಓಟ ಶುರು ಮಾಡುವಾಗ ಕಾಲು ಊರುವ ಬ್ಲಾಕ್‌ನಲ್ಲಿ ಮುಂದಿಡುವ ಕಾಲನ್ನೇ ಬದಲಾಯಿಸಿಕೊಂಡ ಮೇಲೆ. ನಮ್ಮಲ್ಲೇ ನೋಡಿ. ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೊವೆಲ್ 1964ರ ಒಲಿಂಪಿಕ್ಸ್‌ನಲ್ಲಿ ಓಡಿದ್ದರು. 2023ರಲ್ಲಿ 100 ಮೀಟರ್ ರಾಷ್ಟ್ರೀಯ ದಾಖಲೆಯನ್ನು 10.23ಕ್ಕೆ ಇಳಿಸಿದ್ದು ಕರ್ನಾಟಕದ ಹುಡುಗ ಮಣಿಕಂಠ ಹೋಬಳಿದಾರ್, ಅದೂ ಬೆಂಗಳೂರಿನಲ್ಲೇ. 2025ರ ಮಾರ್ಚ್‌ನಲ್ಲಿ ಗುರಿಂದರ್‌ವೀರ್ ಸಿಂಗ್ 10.20, ಜುಲೈನಲ್ಲಿ ಅನಿಮೇಷ್ ಕುಜೂರ್ 10.18. ಹುಟ್ಟಿನಿಂದ ಬರುವುದು ಇಲ್ಲವೇ ಇಲ್ಲ ಅನ್ನುತ್ತಿಲ್ಲ. ಸ್ಪ್ರಿಂಟ್‌ನಲ್ಲಿ ಅದು ಜಾಸ್ತಿಯೇ ಬೇಕು. ಆದರೆ ಅದು ಜಾತಿ, ಊರು ನೋಡಿ ಬರುವುದಲ್ಲ. ಜೊಲ್ಲು ಕಳಿಸಿ, ಮಗು ಓಟಗಾರ ಆಗುತ್ತಾನಾ ಹೇಳುತ್ತೇವೆ ಅಂತ ಟೆಸ್ಟ್ ಮಾರುವವರಿಗೆ ದುಡ್ಡು ಕೊಡಬೇಡಿ.

ಚಿಕ್ಕ ವಯಸ್ಸಿನಲ್ಲೇ ಮಿಂಚಿದವರ ಉದಾಹರಣೆ ಕೊಡುವವರು ಅರ್ಧ ಕಥೆ ಹೇಳುತ್ತಾರೆ. ಉಸೇನ್ ಬೋಲ್ಟ್ 15 ವರ್ಷಕ್ಕೆ 2002ರ ವಿಶ್ವ ಜೂನಿಯರ್ ಕೂಟದಲ್ಲಿ 200 ಮೀಟರ್ ಗೆದ್ದರು, ನಿಜ. 2004ರ ಅಥೆನ್ಸ್‌ನಲ್ಲಿ ಗಾಯದಿಂದಾಗಿ ಮೊದಲ ಸುತ್ತಲ್ಲೇ ಹೊರಬಿದ್ದರು, ಅದೂ ನಿಜ. ನಾವು ಟಿವಿಯಲ್ಲಿ ನೋಡಿದ ಬೋಲ್ಟ್ ಬಂದದ್ದು 2008ಕ್ಕೆ. ನಮ್ಮ ಹಿಮಾ ದಾಸ್ 18ಕ್ಕೆ 400 ಮೀಟರ್ ಅನ್ನು 51.46ಕ್ಕೆ ಓಡಿ ವಿಶ್ವ ಅಂಡರ್-20 ಚಾಂಪಿಯನ್ ಆದರು, ಆಮೇಲೆ ಬೆನ್ನು ನೋವು ಕಾಡಿತು, 2021ರಲ್ಲಿ ತೊಡೆಯ ಹಿಂಬದಿಯ ಗಾಯದಿಂದ ಟೋಕಿಯೋ ತಪ್ಪಿತು. ಇನ್ನೊಂದು ಕಡೆ ಜಮೈಕಾದ ಶೆಲ್ಲಿ ಆ್ಯನ್ ಫ್ರೇಸರ್ ಪ್ರೈಸ್. 2008ರಲ್ಲಿ ಮೊದಲ ಒಲಿಂಪಿಕ್ ಚಿನ್ನ, 2017ರಲ್ಲಿ ಮಗು, 2019ರಲ್ಲಿ ಮತ್ತೆ ವಿಶ್ವ ಚಾಂಪಿಯನ್, 2021ರಲ್ಲಿ ಜೀವನದ ಅತಿ ವೇಗದ 10.60, 2025ರಲ್ಲಿ 38ನೇ ವಯಸ್ಸಿನಲ್ಲಿ ವಿಶ್ವ ಕೂಟದ ಫೈನಲ್. ಎಲ್ಲರೂ ಅವರಷ್ಟು ಕಾಲ ಓಡುವುದಿಲ್ಲ ಬಿಡಿ. ಆದರೆ ಸ್ಪ್ರಿಂಟರ್ ಬದುಕು ಇಪ್ಪತ್ತೈದಕ್ಕೆ ಮುಗಿಯುತ್ತದೆ ಅನ್ನುವುದು ಹಳೆಯ ಮಾತು.

ಈಗ ನಿಜವಾದ ವಿಷಯ. ಮುಟ್ಟು.

ಓಡುವ ಹುಡುಗಿಯರಲ್ಲಿ ಇದು ಆಗಾಗ ಕಾಣುತ್ತದೆ, ಆದರೆ ಮಾಮೂಲಿ ಅಲ್ಲ. ಮೂರು ತಿಂಗಳು ದಾಟಿದರೆ ಡಾಕ್ಟರಿಗೆ ತೋರಿಸಲೇಬೇಕು, ನಿಮ್ಮದು ಐದು. ನಾನು ಕೋಚ್, ಡಾಕ್ಟರ್ ಅಲ್ಲ. ಇದೇ ವಾರ ಸ್ತ್ರೀರೋಗ ತಜ್ಞೆಯ ಹತ್ತಿರ ಕರೆದುಕೊಂಡು ಹೋಗಿ. ಥೈರಾಯ್ಡ್, ಪಿಸಿಓಡಿ ಥರದ್ದು ಏನಾದರೂ ಇದೆಯಾ ಅವರು ನೋಡುತ್ತಾರೆ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಲೆಕ್ಕ), ವಿಟಮಿನ್ ಡಿ ಮೂರನ್ನೂ ನೋಡಿ ಅಂತ ನೀವೇ ಕೇಳಿ.

ನನ್ನ ಅನುಮಾನ ಊಟದ ಮೇಲೆ. ನೀವೇ ಬರೆದ ದಿನಚರಿ ನೋಡಿ. ಬೆಳಿಗ್ಗೆ ಐದಕ್ಕೆ ಚಹಾ. ಓಟ. ಅಲ್ಲಿಂದ ನೇರ ಕಾಲೇಜು, ಅಂದರೆ ಊಟದ ಡಬ್ಬಿ ತೆಗೆಯುವುದು ಮಧ್ಯಾಹ್ನ ಒಂದಕ್ಕೋ ಏನೋ. ರಾತ್ರಿ ಎಂಟರಿಂದ ಮರುದಿನ ಒಂದರವರೆಗೆ ಹೊಟ್ಟೆಗೆ ಬಿದ್ದದ್ದು ಒಂದು ಲೋಟ ಚಹಾ, ಅದರ ನಡುವೆ ಒಂದೂವರೆ ಗಂಟೆ ಮೈಮುರಿಯುವ ಕೆಲಸ. ತಿನ್ನುವುದು ಸಾಲದಾದಾಗ ದೇಹ ಮೊದಲು ನಿಲ್ಲಿಸುವುದು ತಕ್ಷಣ ಬೇಡದ ಖರ್ಚನ್ನು. ಮುಟ್ಟು ಅದರಲ್ಲಿ ಒಂದು. ಈಸ್ಟ್ರೋಜನ್ ಇಳಿದರೆ ಎಲುಬು ಗಟ್ಟಿಯಾಗುವುದು ನಿಲ್ಲುತ್ತದೆ, ಎಲುಬು ಗಟ್ಟಿಯಾಗಬೇಕಾದ ವಯಸ್ಸೇ ಇದು. ಮೊಣಕಾಲು ಕೆಳಗಿನ ಎಲುಬಿನಲ್ಲಿ, ಪಾದದಲ್ಲಿ ಕೂದಲೆಳೆಯ ಬಿರುಕು ಬರುತ್ತದೆ. ಗಾಯ ಮಾಯುವುದೂ ನಿಧಾನ. ಆ ತೊಡೆ ನಾಲ್ಕು ತಿಂಗಳಾದರೂ ವಾಸಿಯಾಗದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಗ್ರೌಂಡಿಗೆ ಹೋಗುವ ಮುಂಚೆ ಎರಡು ಬಾಳೆಹಣ್ಣು, ಒಂದಿಷ್ಟು ಶೇಂಗಾ ಬೆಲ್ಲ. ಮುಗಿದ ಕೂಡಲೇ ತಿನ್ನಲು ಡಬ್ಬಿ ಜೊತೆಗೇ ಕಳಿಸಿ. ರೊಟ್ಟಿ ಪಲ್ಯ, ಮೊಳಕೆ ಕಾಳು, ತಿನ್ನುವವರಾದರೆ ಎರಡು ಮೊಟ್ಟೆ, ಮೊಸರು. ಆ ಪೌಡರಿಗೆ ಕೊಡುವ ದುಡ್ಡಿನಲ್ಲಿ ಇದೆಲ್ಲ ಆಗುತ್ತದೆ. ಊಟದ ಜೊತೆ ಚಹಾ ಬೇಡ, ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. "ದಪ್ಪ ಆಗುತ್ತೀಯ" ಅನ್ನುವ ಕೋಚ್‌ಗೆ ನೀವೇ ಹೋಗಿ ಡಾಕ್ಟರ್ ಚೀಟಿ ತೋರಿಸಿ.

ತೊಡೆ ವಿಷಯ. ಹ್ಯಾಮ್‌ಸ್ಟ್ರಿಂಗ್ ಅನ್ನುತ್ತಾರಲ್ಲ, ತೊಡೆಯ ಹಿಂದಿನ ಸ್ನಾಯು, ಸ್ಪ್ರಿಂಟರ್‌ಗಳ ದೊಡ್ಡ ಶತ್ರು ಅದೇ. ಪೂರ್ತಿ ವೇಗದಲ್ಲಿ ಕಾಲು ಮುಂದಕ್ಕೆ ಬೀಸಿ ಬರುತ್ತದೆ, ಪಾದ ನೆಲ ಮುಟ್ಟುವ ಸ್ವಲ್ಪ ಮುಂಚೆ ಆ ಬೀಸನ್ನು ಹಿಡಿದು ನಿಲ್ಲಿಸುವುದು ಈ ಸ್ನಾಯು. ಘಾಟಿ ಇಳಿಯುವ ಬಸ್ಸಿನ ಬ್ರೇಕಿನ ಹಾಗೆ, ಜಾಸ್ತಿ ಭಾರ ಬೀಳುವುದು ನಿಲ್ಲಿಸುವಾಗ. ಹಿಗ್ಗುತ್ತಾ ಇರುವಾಗಲೇ ಬಲ ಹಾಕಬೇಕು, ಹರಿಯುವುದು ಆಗಲೇ. ಜಾಗಿಂಗ್‌ನಲ್ಲಿ ನೋವಿಲ್ಲ ಅಂದರೆ ವಾಸಿಯಾಗಿದೆ ಅಂತಲ್ಲ. ಎಣ್ಣೆ ಹಚ್ಚಿ ಜೋರಾಗಿ ತಿಕ್ಕಿಸುವುದು, ನೋವಿನ ಮಾತ್ರೆ ನುಂಗಿ ಕೂಟಕ್ಕೆ ಇಳಿಯುವುದು, ಎರಡೂ ಬೇಡ. ಕ್ರೀಡಾ ಗಾಯ ನೋಡುವ ಫಿಸಿಯೋ ಹತ್ತಿರ ತೋರಿಸಿ. ಎಡ ಬಲ ಎರಡೂ ಕಾಲಿನ ಬಲ ಅಳೆದು ಹೇಳುತ್ತಾರೆ. ಮಂಡಿಯೂರಿ ಕೂತು, ಹಿಮ್ಮಡಿಯನ್ನು ಯಾರಾದರೂ ಒತ್ತಿ ಹಿಡಿದಾಗ ನಿಧಾನವಾಗಿ ಮುಂದಕ್ಕೆ ಬಾಗುವ ವ್ಯಾಯಾಮ ಇದೆ, ನಾರ್ಡಿಕ್ ಅಂತಾರೆ. ನೋಡಲು ಸುಲಭ, ಮಾಡಿದವರಿಗೇ ಗೊತ್ತು. ಅದರ ಜೊತೆ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು, ಪೂರ್ತಿ ವೇಗದ ಓಟ ಕೊನೆಗೆ. ಒಮ್ಮೆ ಹರಿದ ಜಾಗದಲ್ಲೇ ಮತ್ತೆ ಹರಿಯುವುದು ಬೇಗ ಬ್ಲಾಕ್‌ಗೆ ಮರಳಿದವರಿಗೆ. ಇಷ್ಟೆಲ್ಲ ಮಾಡಿದರೂ ಮರುಕಳಿಸುವ ಅಪಾಯ ಪೂರ್ತಿ ಹೋಗುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ.

ಡ್ರಿಪ್ ಬಗ್ಗೆ ನಿಮಗೆ ಸಲಹೆ ಕೊಟ್ಟವರಿಗೆ ಗೊತ್ತಿಲ್ಲದೆ ಇರಬಹುದು, ಅಥವಾ ಗೊತ್ತಿದ್ದೇ ಹೇಳಿರಬಹುದು. ವಾಡಾ ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅದರ ನಿಯಮದಲ್ಲಿ 12 ಗಂಟೆಯೊಳಗೆ 100 ಎಂ.ಎಲ್.ಗಿಂತ ಜಾಸ್ತಿ ಯಾವುದೇ ದ್ರವ ನರಕ್ಕೆ ಹಾಕಿಸಿಕೊಳ್ಳುವುದು ನಿಷೇಧ. ಬಾಟಲಿಯಲ್ಲಿ ಬರೀ ಗ್ಲೂಕೋಸ್ ನೀರಿದ್ದರೂ ಅಷ್ಟೇ. ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಹಾಕಿದರೆ ಬೇರೆ ಮಾತು. "ಸುಸ್ತು ಹೋಗಲಿ" ಅಂತ ಕ್ಲಿನಿಕ್‌ನಲ್ಲಿ ಒಂದು ಬಾಟಲಿ ಏರಿಸಿಕೊಂಡರೆ ಅದು ಡೋಪಿಂಗ್.

ಪೌಡರ್ ಇನ್ನೂ ಅಪಾಯ, ಏಕೆಂದರೆ ಡಬ್ಬಿ ಮೇಲೆ ಬರೆದದ್ದೇ ಒಳಗಿರುತ್ತದೆ ಅಂತ ಇಲ್ಲ. ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ಕಾಮನ್‌ವೆಲ್ತ್ ರಿಲೇ ಚಿನ್ನ, ಏಷ್ಯನ್ ಗೇಮ್ಸ್ 400 ಮೀ. ಹರ್ಡಲ್ಸ್ ಚಿನ್ನ ಗೆದ್ದರು. ಮರುವರ್ಷ ಸ್ಟಿರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಓಟಗಾರ್ತಿಯರಲ್ಲಿ ಅವರೂ ಇದ್ದರು. ಶಿಬಿರದ ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಆಯಿತು ಅಂತ ಅವರು ವಾದಿಸಿದರು. ಇಲ್ಲಿ ಕೊಟ್ಟ ಒಂದು ವರ್ಷದ ನಿಷೇಧವನ್ನು 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಎರಡು ವರ್ಷ ಮಾಡಿತು. ಯಾರು ಕೊಟ್ಟರು ಅನ್ನುವುದು ಶಿಕ್ಷೆ ಕಮ್ಮಿ ಮಾಡಬಹುದು, ತಪ್ಪಿಸುವುದಿಲ್ಲ. ಮೈಯಲ್ಲಿ ಸಿಕ್ಕಿದ್ದಕ್ಕೆ ಓಟಗಾರ್ತಿಯೇ ಹೊಣೆ. ದ್ಯುತಿ ಚಂದ್ ಅವರಿಗೂ 2023ರಲ್ಲಿ ನಾಲ್ಕು ವರ್ಷದ ನಿಷೇಧ ಬಿತ್ತು. ಅದೇ ವರ್ಷ ಭಾರತದ 5,606 ಮಾದರಿಗಳಲ್ಲಿ 214 ಪಾಸಿಟಿವ್ ಬಂದವು. ಇವರಲ್ಲಿ ಎಷ್ಟು ಜನ ತಿಳಿದು ಮಾಡಿದರು, ಎಷ್ಟು ಜನ ಯಾರದೋ ಮಾತು ಕೇಳಿ ಕೆಟ್ಟರು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ ನಾಡಾದ "ನೋ ಯುವರ್ ಮೆಡಿಸಿನ್" ಆ್ಯಪ್ ಫೋನಿಗೆ ಹಾಕಿಕೊಳ್ಳಿ. ಕೆಮ್ಮಿನ ಔಷಧಿ ಕೊಡುವಾಗಲೂ ಅದರಲ್ಲಿ ನೋಡಿ ಕೊಡಿ.

ವಯಸ್ಸಿನ ಸರ್ಟಿಫಿಕೇಟ್ ಬಗ್ಗೆ ಎರಡೇ ಮಾತು. ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬಿನ ವಯಸ್ಸು ನೋಡುತ್ತಾರೆ, ಸಿಕ್ಕಿಬೀಳುತ್ತೀರಿ. ಸಿಗದಿದ್ದರೂ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೂ ಅದಕ್ಕೂ ತಾಳೆ ಆಗದೆ ನಾಳೆ ಕ್ರೀಡಾ ಕೋಟಾದ ನೌಕರಿಗೆ ದಾಖಲೆ ಪರಿಶೀಲನೆ ಮಾಡುವಾಗ ಕುತ್ತಿಗೆಗೆ ಬರುತ್ತದೆ.

ನೌಕರಿ ಮಾತು ಬಂತು, ದುಡ್ಡಿನ ಮಾತೂ ಆಡೋಣ, ಯಜಮಾನರ ಚಿಂತೆ ಅದೇ ಅಲ್ವಾ. ಭಾರತದ ಸ್ಪ್ರಿಂಟರ್‌ಗಳು ಬಹುಮಾನದ ದುಡ್ಡಿನಲ್ಲಿ ಬದುಕುವುದಿಲ್ಲ. ರೈಲ್ವೆ, ಸೇನೆ, ಪೊಲೀಸ್ ಇಲಾಖೆಯ ಸಂಬಳದಲ್ಲಿ ಬದುಕುತ್ತಾರೆ. ಹಿಮಾ ದಾಸ್ ಅಸ್ಸಾಂ ಪೊಲೀಸ್‌ನಲ್ಲಿ ಡಿಎಸ್‌ಪಿ ಆದರು. ಆ ನೌಕರಿಗಳಿಗೆ ಒಲಿಂಪಿಕ್ಸ್ ಪದಕವೇ ಬೇಕಿಲ್ಲ, ರಾಷ್ಟ್ರೀಯ ಮಟ್ಟದ ಸಾಧನೆಗೂ ಬಾಗಿಲು ತೆರೆಯುತ್ತದೆ. ಆದರೆ ಓದಿನ ಅರ್ಹತೆ ಬೇಕೇ ಬೇಕು. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದರೆ ತಿಂಗಳಿಗೆ 10,000 ರೂ. ಕೈಖರ್ಚು ಸಿಗುತ್ತದೆ, ತರಬೇತಿ ವಸತಿ ಬೇರೆ. ಅದಾಗುವವರೆಗೆ ಸ್ಪೈಕ್ಸ್, ಪ್ರಯಾಣ, ಫಿಸಿಯೋ ಎಲ್ಲ ನಿಮ್ಮ ಜೇಬಿನಿಂದ.

ಹಾಗಾದರೆ ದಾರಿ ಯಾವುದು? ಕ್ರೀಡಾ ಇಲಾಖೆಯ ಹಾಸ್ಟೆಲ್ ಅಥವಾ ಮೂಡುಬಿದಿರೆಯ ಆಳ್ವಾಸ್ ಥರದ ಕಡೆ ಸೇರಿಸಿದರೆ ಸಿಂಥೆಟಿಕ್ ಟ್ರ್ಯಾಕ್, ಊಟ, ಜೊತೆಗೆ ಓಡಲು ವೇಗದ ಹುಡುಗಿಯರು ಸಿಗುತ್ತಾರೆ. ಮಣ್ಣಿನ ಗ್ರೌಂಡಿನಲ್ಲಿ ಒಬ್ಬಳೇ ಓಡಿ ಒಂದು ಮಟ್ಟದ ಮೇಲೆ ಹೋಗುವುದು ಕಷ್ಟ. ಆದರೆ ಗಾಯದ ಕಾಲು ಇಟ್ಟುಕೊಂಡು ಟ್ರಯಲ್ಸ್‌ಗೆ ಹೋದರೆ ಅಲ್ಲಿ ಪೂರ್ತಿ ವೇಗ ಹಾಕಲೇಬೇಕು, ಮತ್ತೆ ಹರಿಯುತ್ತದೆ. ಸೇರಿದ ಮೇಲೂ ಎಲ್ಲ ಕಡೆ ಹೆಣ್ಣುಮಕ್ಕಳ ಆರೋಗ್ಯ ಕೇಳುವವರು ಇರುತ್ತಾರೆ ಅಂತ ಇಲ್ಲ. ಹಾಸ್ಟೆಲ್‌ಗೆ ಹೋಗಿ ಮಹಿಳಾ ವಾರ್ಡನ್, ಮಹಿಳಾ ಕೋಚ್ ಇದ್ದಾರಾ, ಅಡುಗೆಮನೆ ಹೇಗಿದೆ ಅಂತ ಕಣ್ಣಾರೆ ನೋಡಿ.

ಓಟ ಬಿಡಿಸಿ ಸಿಇಟಿಗೆ ಹಾಕುವುದು ಇನ್ನೊಂದು ದಾರಿ. ತಪ್ಪೇನಲ್ಲ, ಅದನ್ನು ಸೋಲು ಅಂತ ನಾನು ಹೇಳುವುದಿಲ್ಲ. ಆದರೆ ಇದು ಅವಳು ಗಾಯದಲ್ಲಿ, ಬೇಜಾರಿನಲ್ಲಿ ಇರುವಾಗ ಮಾಡುವ ತೀರ್ಮಾನ ಅಲ್ಲ.

ನನ್ನ ಮನೆಯ ಹುಡುಗಿ ಆಗಿದ್ದರೆ ನಾನು ಹೀಗೆ ಮಾಡುತ್ತಿದ್ದೆ. ಈ ವರ್ಷ ಊರಲ್ಲೇ ಇರಲಿ, ಕಾಲೇಜು ನಡೆಯಲಿ. ದಿನಕ್ಕೆ ಒಂದೇ ಹೊತ್ತು ಪ್ರಾಕ್ಟೀಸು, ಅದೂ ಸಂಜೆ, ಹೊಟ್ಟೆ ತುಂಬಿದ ಮೇಲೆ. ವಾರದಲ್ಲಿ ಎರಡು ದಿನ ಪೂರ್ತಿ ರಜೆ. ಮೊದಲು ಮುಟ್ಟು ಸರಿಯಾಗಲಿ, ಕಾಲಿನ ಬಲ ಸಮ ಆಗಲಿ. ಆಮೇಲೆ ಎಲೆಕ್ಟ್ರಾನಿಕ್ ಟೈಮಿಂಗ್ ಇರುವ ಒಂದೇ ಕೂಟದಲ್ಲಿ 100 ಮತ್ತು 200 ಎರಡನ್ನೂ ಓಡಿಸಿ. 200ರಲ್ಲಿ ಚೆನ್ನಾಗಿದ್ದರೆ ಮುಂದೆ 400 ಕಡೆ ಯೋಚಿಸಬಹುದು. ಭಾರತದ ಹೆಣ್ಣುಮಕ್ಕಳಿಗೆ ಅಂತರರಾಷ್ಟ್ರೀಯ ಜರ್ಸಿ 100 ಮೀಟರ್‌ಗಿಂತ 4x400 ರಿಲೇಯಲ್ಲಿ ಜಾಸ್ತಿ ಸಿಕ್ಕಿದೆ, ಏಕೆಂದರೆ ಅಲ್ಲಿ ನಾಲ್ಕು ಜನ ಬೇಕು, ಜೊತೆಗೆ ಒಂದಿಬ್ಬರು ಮೀಸಲು. ನಮ್ಮ ರಾಜ್ಯದ ಪ್ರಿಯಾ ಮೋಹನ್ 2021ರಲ್ಲಿ ನೈರೋಬಿಯ ವಿಶ್ವ ಅಂಡರ್-20 ಕೂಟದಲ್ಲಿ ಮಿಶ್ರ ರಿಲೇ ಕಂಚು ತಂದದ್ದು ಹಾಗೆಯೇ. ಆ ಕೂಟದ ಟೈಮು ನೋಡಿಕೊಂಡು ಹಾಸ್ಟೆಲ್ ಟ್ರಯಲ್ಸ್ ಬಗ್ಗೆ ತೀರ್ಮಾನ ಮಾಡಿ, ತೀರ್ಮಾನದಲ್ಲಿ ಅವಳ ಮಾತೂ ಇರಲಿ.

ಇದಕ್ಕೂ ಅಪಾಯ ಇದೆ. ಒಂದು ಸೀಸನ್ ಹೋಗುತ್ತದೆ, ಜೊತೆಯವರು ಮುಂದೆ ಹೋಗುತ್ತಾರೆ, ಜಿಲ್ಲಾ ತಂಡದಲ್ಲಿ ಹೆಸರು ಬರುವುದಿಲ್ಲ. ತಾಲೂಕು ಕೂಟಕ್ಕೆ ಓಡಿಸಿ ಅಂತ ಕಾಲೇಜಿನಿಂದ ಫೋನ್ ಬಂದೇ ಬರುತ್ತದೆ, ಪಾಯಿಂಟ್ಸ್ ಬೇಕಲ್ಲ ಅವರಿಗೆ. ಈ ಸಲ ಆಗುವುದಿಲ್ಲ ಅಂತ ನೀವು ಅಥವಾ ಯಜಮಾನರು ಹೇಳಿ. ಮಗಳ ಬಾಯಲ್ಲಿ ಹೇಳಿಸಬೇಡಿ, ಪಿ.ಟಿ. ಮೇಷ್ಟ್ರ ಮುಂದೆ ಅವಳಿಗೆ ಇಲ್ಲ ಅನ್ನಲು ಆಗುವುದಿಲ್ಲ.